ಹೊಸ್ತಿಲಿಗೆ ಬಂದು ನಿಂತ ಗಾಡಿ

ಅಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಬೆರಳಿಗೆ ಸಣ್ಣಪುಟ್ಟ ಕೆಲಸ ಕೊಡಿ ಎಂದರು ಡಾಕ್ಟರು. ಸಾನಪಾಡಾದಿಂದ ಡೊಂಬಿವಲಿಯ ಅಪ್ಪನ ಮನೆಗೆ ರವಿವಾರ ರವಿವಾರ ಬರುತ್ತಿದ್ದ ನಾನು, ಅಟ್ಟದ ಮೇಲಿಂದ ನನ್ನ ಬಾಲ್ಯದ ಜೋಡಿಸುವ ಆಟದ ಡಬ್ಬಿ ಇಳಿಸಿದೆ. ತೂತುತೂತಿನ ತಗಡಿನ ಪಟ್ಟಿ, ನಟ್ಟು, ಬೋಲ್ಟು, ಗಾಲಿ. ನೌಪಾಡಾದ ಅಂಗಡಿಯಲ್ಲಿ ಅಪ್ಪನೇ ಕೊಡಿಸಿದ್ದು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನಿಗೆ ಮಗಳೂ ನಟ್ಟು ಬಿಗಿಯುವ ಪಾನಾ ಹಿಡಿಯಲಿ ಎಂಬ ಆಸೆಯಿತ್ತು.

ನಟ್ಟು ಜಾರಿ ಮಂಚದ ಕೆಳಗೆ ಹೋದರೆ ಅಪ್ಪ ನನ್ನನ್ನೇ ಬೈಯುತ್ತಿದ್ದ. ಎಡಗೈಯಲ್ಲಿ ಅವನು ಬೋಲ್ಟು ಹಿಡಿದರೆ ನಾನು ಪಾನಾ ತಿರುಗಿಸುತ್ತಿದ್ದೆ. ಪಟ್ಟಿಗಳಿಂದ ಗಾಡಿಯೊಂದನ್ನು ಕಟ್ಟಿ, ಕೆಟ್ಟುಹೋದ ಆಟದ ಕಾರೊಂದರ ಮೋಟರು ಕಿತ್ತು ಅದಕ್ಕೆ ಜೋಡಿಸಿದೆವು. ತಂತಿ ಅದಲುಬದಲಾಗಿ, ರಿಮೋಟಿನಲ್ಲಿ ಮುಂದೆ ಎಂದು ಒತ್ತಿದರೆ ಗಾಡಿ ಹಿಂದೆ ಹೋಯಿತು.

"ನಿಮ್ಮ ದೊಡ್ಡಪ್ಪನಂಗ ಆತಿದು," ಎಂದ ಅಪ್ಪ. ನಾನು ನಕ್ಕೆ, ಅವನು ನಗಲಿಲ್ಲ.

ದೊಡ್ಡಪ್ಪನ ಮನೆ ನಮ್ಮ ಎದುರಿನ ಬಾಗಿಲು. ಅಜ್ಜಿ ಇಲ್ಲಿ ತೀರಿಕೊಂಡಾಗ, ಮಣ್ಣು ವಿಜಯಪುರದ ಕಡೆಯ ನಮ್ಮೂರಲ್ಲೇ ಆಗಬೇಕೆಂದು ದೊಡ್ಡಪ್ಪ ಹಟ ಹಿಡಿದರು. ಅಷ್ಟು ದೂರ ಒಯ್ಯುವುದು ಬೇಡ ಎಂದ ಅಪ್ಪ, ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಮುಗಿಸಿದ. ಸಿಟ್ಟಿಗೆದ್ದ ದೊಡ್ಡಪ್ಪ ಮಣ್ಣಿಗೂ ಬರಲಿಲ್ಲ. ಅಂದಿನಿಂದ ಮಾತಿಲ್ಲ. ಲಕ್ವಾ ಹೊಡೆದಾಗ ಆಸ್ಪತ್ರೆಯ ಬಾಗಿಲಿನವರೆಗೆ ಬಂದು ತಿರುಗಿ ಹೋದರಂತೆ.

ಗಾಡಿ ನೆಟ್ಟಗೆ ಓಡತೊಡಗಿದ ದಿನ ಅಪ್ಪ ಹೇಳಿದ, "ದಸರಾಕ್ಕ ಅಣ್ಣಗ ಬನ್ನಿ ಇದs ಒಯ್ಯಬೇಕು."

"ಗಾಲಿ ಕುರ್ಚಿ ಮ್ಯಾಲೆ ಕೂಡಿಸಿ ನಾನs ಕರಕೊಂಡು ಹೋಗ್ತೀನಲ್ಲ."

"ಹಂಗ ಹೋದ್ರ ತಪ್ಪಾತು ಅಂದಂಗ ಆಗ್ತದ. ನಾ ತಪ್ಪು ಮಾಡಿಲ್ಲ. ಸಣ್ಣಾವ ಇದ್ದೀನಿ, ಬನ್ನಿ ಕೊಡ್ತೀನಿ, ಅಷ್ಟs."

ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಆ ಹಟದೊಳಗಿದ್ದ ಹೆದರಿಕೆ ನನಗೆ ಕಾಣುತ್ತಿತ್ತು. ಅಣ್ಣನೊಡನೆ ಮಾತಾಡದೆಯೇ ಹೋಗಿಬಿಟ್ಟರೆ ಎಂಬ ಹೆದರಿಕೆ ಅದು.

ವಿಜಯದಶಮಿಯ ಸಂಜೆ ಅಪ್ಪನನ್ನು ನಮ್ಮ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಇಲ್ಲಿಯ ಮಾರ್ಕೆಟ್ಟಿನಲ್ಲಿ ಸೋನಾ ಎಂದು ಮಾರುವ ಎಲೆಯೇ ನಮಗೆ ಬನ್ನಿ. ಅದನ್ನು ಗಾಡಿಯ ಮೇಲೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಬಾಗಿಲಾಚೆ ಇಟ್ಟೆ. ಅಪ್ಪ ಎಡ ಹೆಬ್ಬೆರಳಿನಿಂದ ರಿಮೋಟಿನ ಗುಂಡಿ ಒತ್ತಿದ. ಗಾಡಿ ಗಡಗಡ ಸದ್ದು ಮಾಡುತ್ತ ಲಿಫ್ಟಿನ ಮುಂದೆ ಹಾದು, ದೊಡ್ಡಪ್ಪನ ಹೊಸ್ತಿಲಿಗೆ ಬಡಿದು ನಿಂತಿತು. ನಾವು ನಮ್ಮ ನೆಲದ ಮೇಲಷ್ಟೇ ಓಡಿಸಿ ನೋಡಿದ್ದೆವು, ಆ ಹೊಸ್ತಿಲು ಇಬ್ಬರ ನೆನಪಿಗೂ ಬಂದಿರಲಿಲ್ಲ. ಎತ್ತಲು ನಾನು ಹೊರಟೆ.

"ಮುಟ್ಟಬ್ಯಾಡ," ಎಂದ ಅಪ್ಪ.

ಸದ್ದು ಕೇಳಿ ದೊಡ್ಡಪ್ಪನೇ ಬಾಗಿಲು ತೆರೆದರು. ಗಾಡಿಯನ್ನು ನೋಡಿದರು, ಆಮೇಲೆ ಅಪ್ಪನನ್ನು. ಒಳಗಿನಿಂದಲೇ ಬಗ್ಗಿ ಎಲೆಗೆ ಕೈ ಚಾಚಿದವರು ತಟ್ಟನೆ ಹಿಂದೆಗೆದರು. ಹೊಸ್ತಿಲಾಚೆಯಿಂದ ಏನನ್ನೂ ಇಸಿದುಕೊಳ್ಳಬಾರದು, ಕೊಡಲೂಬಾರದು. ಅಣ್ಣತಮ್ಮ ಇಬ್ಬರಿಗೂ ಅಜ್ಜಿ ಹೊಡೆದು ಕಲಿಸಿದ ಪಾಠವದು. ಒಂದೋ ಬಾಗಿಲು ಹಾಕಬೇಕು, ಇಲ್ಲವೇ ಹೊರಗೆ ಬರಬೇಕು.

ದೊಡ್ಡಪ್ಪ ಚೌಕಟ್ಟು ಹಿಡಿದು, ನೋಯುವ ಮೊಣಕಾಲನ್ನು ಎತ್ತಿ ದಾಟಿದರು. ಎಲೆ ಬಿಡಿಸಿಕೊಂಡು ಬರಿಗಾಲಲ್ಲಿ ನಡೆದು ಬಂದು, ನಮ್ಮ ಹೊಸ್ತಿಲನ್ನೂ ದಾಟಿ, ಅಪ್ಪನ ಪಕ್ಕದಲ್ಲಿ ನಿಂತರು. ಒಂದು ಎಲೆಯನ್ನು ಅಪ್ಪನ ಬಲಗೈಯಲ್ಲಿಟ್ಟು, ಮಡಚಲಾರದ ಬೆರಳುಗಳನ್ನು ತಾವೇ ಮಡಚಿದರು.

"ಬನ್ನಿ ತಗೊಂಡು ಬಂಗಾರದಂಗ..." ಎಂದವರು ಆ ಬೆರಳುಗಳನ್ನು ಬಿಡದೆಯೇ ಕೇಳಿದರು, "ಅವ್ವನ್ನ ಎಲ್ಲಿಟ್ಟೀಯೋ? ನನಗ ತೋರಸು."

ಅಪ್ಪ ಅತ್ತ. ಹೆಬ್ಬೆರಳನ್ನು ರಿಮೋಟಿನ ಗುಂಡಿಯಿಂದ ತೆಗೆಯುವುದನ್ನೇ ಮರೆತಿದ್ದ. ಆಚೆ ಹೊಸ್ತಿಲ ಬಳಿ ಗಾಡಿಯ ಗಾಲಿಗಳು ಇನ್ನೂ ತಿರುಗುತ್ತಿದ್ದವು.