ಯಾರೂ ಇಳಿಯದ ಸ್ಟಾಪು

ನಮ್ಮೂರು ಹ್ಯಾಕ್ಲರ್ ಫೋರ್ಡ್‌ನಲ್ಲಿ ನಲವತ್ತರೊಳಗಿನ ಯಾರನ್ನೇ ಕೇಳಿ, ವರ್ಲೀನಳಿಂದ ಒಮ್ಮೆಯಾದರೂ ಬೈಸಿಕೊಂಡಿರುತ್ತಾರೆ. ಶಾಲೆಯ ಹಳದಿ ಬಸ್ಸು ಓಡಿಸುವವಳು ಅವಳು. ಕಿಟಕಿಯಾಚೆ ಕೈ ಹಾಕಿದವನಿಗೆ, ಸೀಟಿನ ಮೇಲೆ ನಿಂತವನಿಗೆ ತಲೆಯ ಮೇಲಿನ ಕನ್ನಡಿಯಲ್ಲೇ ಕಣ್ಣು ಕೆಕ್ಕರಿಸುತ್ತಿದ್ದಳು. ಮಿಸೌರಿಯ ಈ ಗುಡ್ಡಗಳ ಜಲ್ಲಿರಸ್ತೆಯಲ್ಲಿ ಅವಳಂತೆ ಬಸ್ಸು ತಿರುಗಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಇದನ್ನು ನನ್ನ ಗಂಡ ಅರ್ವಿಲನ ಎದುರಿಗೇ ಹೇಳುತ್ತೇನೆ, ಅವನು ತಲೆ ತಗ್ಗಿಸಿ ಬೀನ್ಸ್ ತಿನ್ನುತ್ತಾನೆ.

ಆ ದಾರಿಯ ಕೊನೆಯ ಸ್ಟಾಪು ಓಲೀಟಾಳ ಮನೆ. ರಸ್ತೆ ಅಲ್ಲಿಗೆ ಮುಗಿಯುತ್ತದೆ, ಬಸ್ಸು ತಿರುಗಲೂ ಅಲ್ಲೇ ಜಾಗ. ಓಲೀಟಾಳ ಒಬ್ಬನೇ ಮಗ ಕೋಲ್ಬಿ ದಿನಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುತ್ತಿದ್ದ. ವರ್ಲೀನ್ ಎದ್ದು ಹೋಗಿ ಅವನ ಬೂಟು ತಟ್ಟುವಳು.

"ಏಳಪ್ಪಾ ದೊರೆ."

"ನಮ್ಮನೆ ಬಂತಾ, ಮಿಸ್ ವರ್ಲೀನ್?"

"ಬಂತು ಮಗಾ. ಇಳಿ."

ಒಂದನೇ ತರಗತಿಯಿಂದ ಮೀಸೆ ಮೂಡುವವರೆಗೂ ಇದೇ ಮಾತು. ಆಮೇಲೆ ಅವನು ಶಾಲೆ ಬಿಟ್ಟ, ಗರಗಸದ ಮಿಲ್ಲಿಗೆ ಸೇರಿದ, ಬೆನ್ನಿಗೆ ಪೆಟ್ಟು ಮಾಡಿಕೊಂಡ. ಡಾಕ್ಟರು ಕೊಟ್ಟ ನೋವಿನ ಮಾತ್ರೆ ಮುಗಿದ ಮೇಲೆ ಊರವರ ಮನೆಗಳ ಮಾತ್ರೆ ಹುಡುಕತೊಡಗಿದ. ನಮ್ಮ ಕಡೆ ಇದು ಹೊಸ ಕಥೆಯಲ್ಲ.

ವರ್ಲೀನಳ ಗಂಡ ಡಾಯ್ಲ್ ಹಗ್ಗ ಕಂಡರೂ ಹಾವು ಅನ್ನುವ ಜಾತಿ. ಬಾವಿಗೆ ವಿಮೆ, ದನದ ಕೊಟ್ಟಿಗೆಗೆ ವಿಮೆ. ಹೆಂಡತಿಗೆಂದು ರಿವಾಲ್ವರ್ ತಂದ ದಿನ ಜೊತೆಗೊಂದು ಕಾರ್ಡನ್ನೂ ಮಾಡಿಸಿಕೊಂಡು ಬಂದ. ಬಂದೂಕು ಇಟ್ಟುಕೊಂಡವರಿಗೆ ಅದೂ ಒಂದು ವಿಮೆ. ತನ್ನ ಪ್ರಾಣ ಉಳಿಸಿಕೊಳ್ಳಲು ಯಾರಿಗಾದರೂ ಗುಂಡು ಹೊಡೆಯಬೇಕಾಗಿ ಬಂದರೆ ವಕೀಲನನ್ನು ವಿಮೆ ಕಂಪನಿಯವರೇ ಕಳಿಸುತ್ತಾರೆ, ಖರ್ಚೆಲ್ಲ ಅವರದೇ.

"ನಮಗ್ಯಾಕೋ ಇದು ಡಾಯ್ಲ್?" ಎಂದು ಅರ್ವಿಲ್ ನಕ್ಕಿದ್ದ. "ನಾನು ಹೊಡೆದಿರೋದು ಜಿಂಕೆಗೆ ಮಾತ್ರ. ಅದೂ ತಗಲಿಲ್ಲ. ಜಿಂಕೆ ಕೇಸು ಹಾಕುತ್ತಾ?"

"ನಗು, ನಗು. ಗುಂಡು ಯಾವ ಅಂಗಡೀಲಾದ್ರೂ ಸಿಗುತ್ತೆ ಕಣಯ್ಯಾ. ಅದು ಹಾರಿದ ಮೇಲೆ ಬೇಕಾಗೋದು ಯಾವ ಅಂಗಡೀಲೂ ಸಿಗಲ್ಲ."

ಕಾರ್ಡಿನ ಹಿಂದೆ ಪೊಲೀಸರಿಗೆ ಹೇಳಬೇಕಾದ ಮಾತು ಅಚ್ಚಾಗಿತ್ತು: ನನ್ನ ಪ್ರಾಣಕ್ಕೆ ಅಪಾಯ ಅಂತ ಹೆದರಿದೆ, ಉಳಿದದ್ದನ್ನು ನನ್ನ ವಕೀಲರ ಎದುರಿಗೇ ಹೇಳುತ್ತೇನೆ. ಡಾಯ್ಲ್ ಅದನ್ನು ಹೆಂಡತಿಯಿಂದ ಬಾಯಿಪಾಠ ಮಾಡಿಸಿದ. ಅವಳು ಪಾತ್ರೆ ತೊಳೆಯುತ್ತಿದ್ದರೆ ಹಿಂದಿನಿಂದ ಬಂದು "ಏನು ಹೇಳ್ತೀಯಾ?" ಎಂದು ಗದರುವನು. ಅವಳು ಸೋಪಿನ ಕೈಯಲ್ಲೇ ಒಪ್ಪಿಸುವಳು. ಆಮೇಲೆ ಡಾಯ್ಲನಿಗೆ ಮೂಳೆಯ ಕ್ಯಾನ್ಸರ್ ಬಂತು. ಅವನು ಹೋದ, ಅವನ ನೋವಿನ ಮಾತ್ರೆಗಳು ಅಡುಗೆಮನೆಯ ಕಪಾಟಿನಲ್ಲಿ ಉಳಿದವು.

ಅದಾದ ವಸಂತದ ಒಂದು ಭಾನುವಾರ ಊರೆಲ್ಲ ಚರ್ಚಿನಲ್ಲಿತ್ತು. ವರ್ಲೀನ್ ನೆಗಡಿ ಎಂದು ಮನೆಯಲ್ಲೇ ಉಳಿದಿದ್ದಳು. ಕಾರು ರಿಪೇರಿಗೆ ಹೋಗಿತ್ತು. ಅಂಗಳದಲ್ಲಿ ಕಾರಿಲ್ಲದ್ದು ಕಂಡು ಮನೆ ಖಾಲಿ ಅಂದುಕೊಂಡ ಯಾರೋ ಹಿಂಬಾಗಿಲ ಗಾಜು ಒಡೆದ. ಅವಳು ಕೂಗಿದಳು. ಟೋಪಿ ಎಳೆದುಕೊಂಡ ಎತ್ತರದ ಆಸಾಮಿ, ಕೈಯಲ್ಲಿ ಕಬ್ಬಿಣದ ಸಲಾಕೆ, ಓಡುವ ಬದಲು ಒಳಕ್ಕೆ ಒಂದು ಹೆಜ್ಜೆ ಇಟ್ಟ. ಅವಳು ರಿವಾಲ್ವರ್ ಎತ್ತಿ ಗುಂಡು ಹೊಡೆದಳು.

ಮುಂದಿನದು ನನಗೆ ಬಹಳ ತಡವಾಗಿ ತಿಳಿದದ್ದು, ಆದರೂ ಇಲ್ಲೇ ಹೇಳಿಬಿಡುತ್ತೇನೆ. ನೆಲಕ್ಕೆ ಬಿದ್ದವನ ಟೋಪಿ ಜಾರಿತು. ಕೋಲ್ಬಿ. ಅವಳು ಪೊಲೀಸರಿಗೆ ಫೋನು ಮಾಡಿ, ಟವೆಲ್ಲು ತಂದು ಅವನ ಎದೆಗೆ ಒತ್ತಿ ಹಿಡಿದು ಕೂತಳು. ಅವನು ಕಣ್ಣು ತೆರೆದು ಅವಳನ್ನು ನೋಡಿದ.

"ನಮ್ಮನೆ ಬಂತಾ, ಮಿಸ್ ವರ್ಲೀನ್?"

"ಬಂತು ಮಗಾ," ಎಂದಳಂತೆ. "ಇಳಿ."

ಸ್ಪ್ರಿಂಗ್‌ಫೀಲ್ಡಿನಿಂದ ಕಾರ್ಡಿನ ವಕೀಲ ಮಧ್ಯಾಹ್ನದೊಳಗೆ ಬಂದ. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟು: "ಅಮ್ಮಾ, ಅವನ ಆ ಕೊನೆ ಮಾತು ಈ ಕೋಣೆಯಿಂದ ಆಚೆ ಹೋಗಬಾರದು. ಗುರುತಿಲ್ಲದ ಕಳ್ಳನಿಗೆ ಹೆದರೋದು ಬೇರೆ, ನೀವೇ ಬಸ್ಸಲ್ಲಿ ಕರಕೊಂಡು ಹೋಗ್ತಿದ್ದ ಹುಡುಗನಿಗೆ ಹೆದರೋದು ಬೇರೆ. ಹೊಡೆಯೋಕೆ ಮುಂಚೆ ಗುರುತು ಸಿಕ್ಕಿತ್ತಾ, ಆಮೇಲಾ, ಅಂತ ಕೇಳ್ತಾರೆ. ಆ ಪ್ರಶ್ನೆ ಹುಟ್ಟದ ಹಾಗೆ ನೋಡ್ಕೊಳ್ಳಿ. ಅವನ ತಾಯಿ ಹತ್ತಿರ ಕ್ಷಮಿಸಿ ಅಂತ ಕೂಡ ಅನ್ನಬೇಡಿ."

ಸರ್ಕಾರಿ ವಕೀಲ ಒಂದು ವರ್ಷಕ್ಕೂ ಮಿಕ್ಕಿ ಎಳೆದಾಡಿ ಕೊನೆಗೆ ಕೇಸು ಹಾಕುವುದಿಲ್ಲ ಎಂದ. ವರ್ಲೀನಳ ಮನೆ ಉಳಿಯಿತು, ಕೆಲಸ ಉಳಿಯಿತು. ಪಕ್ಕದ ಕೌಂಟಿಯಲ್ಲಿ ಹೀಗೇ ಹೊಡೆದ ಒಬ್ಬ ಕಾರ್ಡಿಲ್ಲದೆ ವಕೀಲರಿಗಾಗಿ ಹೊಲ ಮನೆ ಮಾರಿಕೊಂಡು ಈಗ ಮಗಳ ಗ್ಯಾರೇಜಿನಲ್ಲಿದ್ದಾನೆ. ಅರ್ವಿಲ್ ಬಾಯಿ ಮುಚ್ಚಿಕೊಂಡು ನಮಗೂ ಕಾರ್ಡು ಮಾಡಿಸಿದ. ಅಂಗಡಿಯಲ್ಲಿ, ಚರ್ಚಿನಲ್ಲಿ ಜನ ನನ್ನನ್ನು ಕೇಳುತ್ತಾರೆ, ಅದು ಬೇಕಾ ಬೇಡವಾ ಎಂದು. ಬೇಕು ಎಂದೇ ಹೇಳುತ್ತೇನೆ. ಹೇಳಿ, ಮಾತು ಬೇರೆ ಕಡೆ ತಿರುಗಿಸುತ್ತೇನೆ.

ನನ್ನದು ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಕೆಲಸ. ವರ್ಲೀನಳೂ ಬರುತ್ತಾಳೆ, ಓಲೀಟಾಳೂ ಬರುತ್ತಾಳೆ. ಇಬ್ಬರಿಗೂ ಬೇರೆ ಬೇರೆ ದಿನ ಕೊಟ್ಟಿದ್ದೆ. ವರ್ಲೀನ್ ಮತ್ತೆ ಬಸ್ಸಿಗೆ ಹೋಗತೊಡಗಿದ ಚಳಿಗಾಲದಲ್ಲಿ ಓಲೀಟಾ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

"ಗ್ಲೆನ್ನಾ, ನನ್ನ ತಲೆ ಕೆಟ್ಟಿದೆಯೇನೇ?"

"ಹೊರಗಡೆ ಅಂತೂ ಕೆಟ್ಟಿದೆ. ಒಳಗಡೆದು ನಂಗೊತ್ತಿಲ್ಲ. ಯಾಕೆ?"

"ದಿನಾ ಸಂಜೆ ಬಸ್ಸು ನಮ್ಮನೆ ಮುಂದೆ ತಿರುಗುತ್ತೆ. ತಿರುಗಲಿ. ಆದ್ರೆ ನಿಲ್ಲುತ್ತೆ. ಬಾಗಿಲು ತೆಗೆಯುತ್ತೆ. ಯಾರೂ ಇಳಿಯಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ಮುಚ್ಚುತ್ತೆ. ನಾನು ಪರದೆ ಹಿಂದೆ ನಿಂತಿರ್ತೀನಿ. ಬಾಗಿಲು ಮುಚ್ಚಿದ ಮೇಲೆ ಒಲೆ ಮೇಲೆ ಏನಿಟ್ಟಿದ್ದೆ ಅನ್ನೋದೇ ಮರೆತು ಹೋಗುತ್ತೆ."

ನನ್ನ ಕತ್ತರಿ ನಿಂತಿತು. ರಸ್ತೆಯ ಆ ತುದಿಯಲ್ಲಿ ಈಗ ಶಾಲೆಗೆ ಹೋಗುವ ಮಕ್ಕಳೇ ಇಲ್ಲ.

"ನಾನು ಕೇಸು ಗೀಸು ಹಾಕಲ್ಲ ಕಣೇ," ಎಂದಳು. "ಗಾಜು ಒಡೆದವನು ನನ್ನ ಮಗ, ನನಗೆ ಗೊತ್ತು. ಅವನು ಏನಾದ್ರೂ ಅಂದನಾ, ಅಷ್ಟು ಬೇಕು. ಯಾರೋ ಗುರುತಿಲ್ಲದವರ ಕಾಲ ಬುಡದಲ್ಲಿ ನಾಯಿ ಹಾಗೆ ಸತ್ತನಾ, ಅಂತ."

ಇದನ್ನು ವರ್ಲೀನಳಿಗೆ ಹೇಗೆ ತಲುಪಿಸಲಿ ಎಂದು ನಾನು ಲೆಕ್ಕ ಹಾಕುತ್ತಿದ್ದಾಗಲೇ ಓಲೀಟಾ ತನ್ನದಲ್ಲದ ದಿನ ಬಂದಳು, ಬೇಕೆಂದೇ. ವರ್ಲೀನ್ ಕೂದಲು ಗುಂಗುರು ಮಾಡಿಸಿಕೊಳ್ಳಲು ತಲೆ ತುಂಬ ಸುರುಳಿ ಸುತ್ತಿಕೊಂಡು ಕೂತಿದ್ದಳು. ಓಲೀಟಾ ಕೋಟು ಕೂಡ ತೆಗೆಯದೆ ಅವಳೆದುರು ನಿಂತಳು.

"ಕೋಲ್ಬಿ ಏನಾದ್ರೂ ಅಂದನಾ, ವರ್ಲೀನ್?"

ವರ್ಲೀನ್ ಬಾಯಿ ತೆರೆದಳು. ಹೇಳಿಯೇಬಿಡುತ್ತಾಳೆ ಎಂದುಕೊಂಡೆ.

"ನನ್ನ ಪ್ರಾಣಕ್ಕೆ ಅಪಾಯ ಅಂತ ಹೆದರಿದೆ," ಎಂದಳು. "ಉಳಿದದ್ದನ್ನು ನನ್ನ ವಕೀಲರ ಎದುರಿಗೇ ಹೇಳುತ್ತೇನೆ."

ಓಲೀಟಾ "ಸರಿ" ಎಂದಳು. ಹೊರಗೆ ಹೋಗಿ ಬಾಗಿಲು ಮೆಲ್ಲಗೆ ಹಾಕಿಕೊಂಡಳು.

"ಬೇರೆ ಹೇಳೋಕೇ ಬಾಯಿ ತೆಗೆದೆ ಗ್ಲೆನ್ನಾ," ಎಂದು ವರ್ಲೀನ್ ನನ್ನ ಏಪ್ರನ್ ಹಿಡಿದುಕೊಂಡಳು. "ಬಂದಿದ್ದು ಡಾಯ್ಲ್‌ನ ಮಾತು. ಎಷ್ಟು ಸಾರಿ ಹೇಳಿದೀನಿ ಅಂದ್ರೆ, ಅವತ್ತು ನಿಜವಾಗಿ ಏನಾಯ್ತು ಅನ್ನೋದು ಅದರ ಕೆಳಗೆ ಎಲ್ಲೋ ಸೇರಿಹೋಗಿದೆ. ಟೋಪಿ ಬಿದ್ದ ಮೇಲೆ ಗುರುತು ಸಿಕ್ಕಿತು ಅಂತೀನಿ. ಕೆಲವು ಸಾರಿ ಕಣ್ಣು ಮುಚ್ಚಿದ್ರೆ ಟೋಪಿ ಇನ್ನೂ ತಲೆ ಮೇಲೇ ಇರುತ್ತೆ, ಅವನು ಬರೋ ನಡಿಗೆ ನನಗೆ ಗೊತ್ತಾಗ್ತಿರುತ್ತೆ."

ಆ ದಿನ ಅವಳ ಸುರುಳಿಗಳನ್ನು ನಾನು ಅಳುತ್ತಲೇ ಬಿಚ್ಚಿದೆ. ಮುಚ್ಚಿಡುವುದೇನು ಬಂತು.

ಮಗನ ಸಾವಿಗೆ ತಾಯಿ ಪರಿಹಾರದ ದಾವೆ ಹೂಡಲು ಕಾನೂನು ಕೊಟ್ಟದ್ದು ಮೂರು ವರ್ಷ. ಆ ಗಡುವು ಮುಗಿಯುವವರೆಗೆ ವರ್ಲೀನ್ ನಾಲಿಗೆ ಕಚ್ಚಿಕೊಂಡು ಕಾದಳು. ಮುಗಿದಾಗ ವಕೀಲನಿಗೆ ಫೋನು ಮಾಡಿ, ಇನ್ನು ಹೇಳಬಹುದಾ ಎಂದು ಕೇಳಿದಳು. "ಬೇಡಿ," ಎಂದನಂತೆ ಅವನು. "ದಾವೆಗೆ ಗಡುವಿದೆ, ಕೊಲೆ ಕೇಸಿಗಿಲ್ಲ. ಆಕೆ ಹೋಗಿ ಶೆರಿಫ್‌ಗೆ ಒಂದು ಮಾತು ಹೇಳಿದ್ರೆ ಎಲ್ಲ ಮತ್ತೆ ಶುರು."

"ನನ್ನನ್ನ ಓಲೀಟಾ ಮನೆಗೆ ಬಿಡ್ತೀಯಾ ಗ್ಲೆನ್ನಾ?" ಎಂದಳು ವರ್ಲೀನ್. "ನಾನೇ ಓಡಿಸಿದ್ರೆ ವಾಪಸ್ ತಿರುಗಿಸಿಬಿಡ್ತೀನಿ."

ದಾರಿಯಲ್ಲಿ ಎಲ್ಲವನ್ನೂ ಮೊದಲ ಸಲ ನನಗೆ ಹೇಳಿದಳು. ಬಾಯಿಗೆ ಹೊಸ ಮಾತು ರೂಢಿಯಾಗಲಿ ಎಂದು ಎರಡೆರಡು ಸಲ ಹೇಳಿದಳು.

ಓಲೀಟಾ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಎನ್ನಲಿಲ್ಲ. ನಾನು ಮೆಟ್ಟಿಲ ಕೆಳಗೇ ನಿಂತೆ. ವರ್ಲೀನ್ ಕೈ ಕಟ್ಟಿಕೊಂಡು ಹೇಳಿದಳು, ಟವೆಲ್ಲಿನ ಮಾತು, ಅವನು ಕಣ್ಣು ತೆರೆದದ್ದು, ಅವನು ಕೇಳಿದ್ದು, ತಾನು ಅಂದದ್ದು.

ಓಲೀಟಾ ಕೈಯಲ್ಲಿದ್ದ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಹಾಗಾದ್ರೆ ಗುರುತಿಲ್ಲದವರ ಹತ್ತಿರ ಸಾಯಲಿಲ್ಲ," ಎಂದಳು. ಆ ಮುಖದಲ್ಲಿ ಮೂರು ವರ್ಷದಿಂದ ಕಾಣದಿದ್ದ ಒಂದು ನೆಮ್ಮದಿ ಬಂತು. ನೋಡುತ್ತಿದ್ದಂತೆಯೇ ಅದು ಹೋಯಿತು. "ಹಾಗಾದ್ರೆ ಹೊಡೆದವಳಿಗೆ ಅವನ ಗುರುತಿತ್ತು."

"ಗೊತ್ತಿಲ್ಲ ಓಲೀಟಾ. ಮುಂಚೆಯೋ ಆಮೇಲೋ, ದೇವರಾಣೆ ನನಗೇ ಗೊತ್ತಿಲ್ಲ. ಶೆರಿಫ್‌ಗೆ ಹೇಳೋದಾದ್ರೆ ಹೇಳು. ನಾನು ಇಲ್ಲ ಅನ್ನಲ್ಲ."

ಓಲೀಟಾ ರಸ್ತೆ ಕಡೆ ನೋಡಿದಳು. "ಶೆರಿಫ್ ಯಾಕೆ? ನಾಳೆಯಿಂದ ಬಸ್ಸು ಇಲ್ಲಿ ನಿಲ್ಲಿಸಬೇಡ, ಅಷ್ಟು ಸಾಕು. ಬಾಗಿಲು ತೆಗೀಬೇಡ. ನೀನೇ ಹೇಳಿದೆಯಲ್ಲ, ಅವನು ಅವತ್ತೇ ಇಳಿದ."

ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ವಾಪಸು ಹೊರಟೆವು. ಮುಗಿಯಿತು, ಒಳ್ಳೆಯದೇ ಆಯಿತು ಎಂದು ನಾನು ಒಳಗೊಳಗೇ ದೇವರಿಗೆ ಕೈ ಮುಗಿದೆ. ಸೇತುವೆ ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಇಳಿದ ಅಂದಳಲ್ಲ ಗ್ಲೆನ್ನಾ."

"ಹೂಂ ಕಣೇ."

"ಮತ್ತೆ ದಿನಾ ಸಂಜೆ ಬಸ್ಸಿನ ಕನ್ನಡೀಲಿ ಹಿಂದಿನ ಸೀಟಲ್ಲಿ ಅವನು ಮಲಗಿರೋದು ಕಾಣುತ್ತಲ್ಲ, ಅವನನ್ನ ಇನ್ನು ಮೇಲೆ ಎಲ್ಲಿ ಇಳಿಸಲಿ?"

ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಕನ್ನಡಿ ನನ್ನ ಕಣ್ಣೆದುರೇ ಇತ್ತು. ಮನೆ ತಲುಪುವವರೆಗೂ ನಾನು ಅದರೊಳಗೆ ನೋಡಲಿಲ್ಲ.