ಎಕಿರಾಪನ ಕಾಗದದ ಕೊಳವೆ

ಇಲ್ಲ ಅನ್ನುವುದಾದರೆ ಬಾಯಿಬಿಟ್ಟು ಇಲ್ಲ ಅನ್ನು, ಹೀಗೆ ಕೋಳಿಯ ಹಾಗೆ ಕತ್ತು ಓರೆ ಮಾಡಿಕೊಂಡು ನೋಡಬೇಡ. ಒಬ್ಬ ಮನುಷ್ಯ ತಾನೇ ಮಾರಿದ ಪ್ಲಾಸ್ಟಿಕ್ ಕೊಳವೆಗಳನ್ನು ತಾನೇ ಮನೆಮನೆಗೆ ನುಗ್ಗಿ ಜಪ್ತಿ ಮಾಡಿ, ಅದಕ್ಕೆ ಎದೆಯ ಮೇಲೆ ಬಿಲ್ಲೆ ಬೇರೆ ಹಾಕಿಸಿಕೊಂಡ ಅಂದರೆ ನಿನಗೆ ನಂಬಿಕೆ ಬರುವುದಿಲ್ಲ, ಅಲ್ಲವೇ? ಬರಬೇಕಾಗಿಯೂ ಇಲ್ಲ. ನೀನು ಎಕಿರಾಪನನ್ನು ನೋಡಿದವನಲ್ಲ. ನೋಡಿದವರು ಅವನ ವಿಷಯದಲ್ಲಿ ಇದಕ್ಕಿಂತ ಹೀನವಾದದ್ದನ್ನೂ ಉಸಿರೆತ್ತದೆ ನಂಬಿದ್ದಾರೆ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಎಕಿರಾಪ ಹುಟ್ಟಿದಾಗಿನಿಂದ ತೂರಿಕೊಳ್ಳುತ್ತಲೇ ಇದ್ದ. ಮೊರದಲ್ಲಿ ಕಾಳು ಮಾತ್ರ ಯಾವತ್ತೂ ಇರಲಿಲ್ಲ, ಬರೀ ಹೊಟ್ಟು. ಅವನ ಹೊಟ್ಟೆ ಅವನಿಗಿಂತ ಎರಡು ಹೆಜ್ಜೆ ಮುಂಚೆ ಮನೆಯೊಳಗೆ ಬರುತ್ತಿತ್ತು. ಬುದ್ಧಿ ಎರಡು ದಿನ ಬಿಟ್ಟು ಬರುತ್ತಿತ್ತು, ಅದೂ ದಾರಿಯಲ್ಲಿ ಯಾರಾದರೂ ಕೈಹಿಡಿದು ಕರೆತಂದರೆ.

ಇಂಥವನಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ. ಮುದುಕ ಒಮುಸೆಯ ಮಣೆ. ಹೆಂಡ ಮಾಡುವ ಅಸೆಕೆನ್ಯಳ ಅಂಗಳದಲ್ಲಿ ರಾಗಿ ಹುಳಿಸಿದ ಅಜೋನ್ ಗಡಿಗೆ ಇಟ್ಟು, ಅದರ ಮೇಲೆ ಅವಳು ಕುದಿನೀರು ಸುರಿದು, ಹತ್ತು ಹನ್ನೆರಡು ಜನ ಸುತ್ತ ಕೂತು, ಒಬ್ಬೊಬ್ಬರೂ ಆಳುದ್ದದ ಹೀರುಗೊಳವೆ ಇಳಿಬಿಟ್ಟರೆ, ಬಾಗಿಲಿಗೆ ಮುಖ ಮಾಡಿದ ಆ ಮಣೆಯವನು ಮೊದಲು ಹೀರಬೇಕು. ಅವನು ಹೀರುವ ತನಕ ಉಳಿದವರ ತುಟಿ ಒಣಗಿರಬೇಕು. ಯಾರ ಹೊಲದ ಬದು ಎಲ್ಲಿ, ಯಾರ ಮಗಳಿಗೆ ಎಷ್ಟು ಹಸು, ಎಲ್ಲಕ್ಕೂ ಮೊದಲ ಮಾತು ಅವನದೇ. ಮಾತಿಗೆ ಬೆಲೆ ಇಲ್ಲದ ಎಕಿರಾಪನಿಗೆ ಆ ಮಣೆ ಎಷ್ಟು ಸಿಹಿಯಾಗಿ ಕಂಡಿರಬೇಕು, ನೀನೇ ಯೋಚಿಸು. ಒಮುಸೆ ಕೆಮ್ಮಿದಾಗಲೆಲ್ಲ ಎಲ್ಲರೂ ಅವನ ಆರೋಗ್ಯ ಕೇಳುತ್ತಿದ್ದರು. ಎಕಿರಾಪ ಮಣೆಯ ಕಾಲು ಗಟ್ಟಿಯಾಗಿದೆಯೇ ಅಂತ ನೋಡುತ್ತಿದ್ದ.

ಗಡಿಗೆಗೂ ಕಟ್ಟುಪಾಡಿದೆ. ಕೊಳವೆಯನ್ನು ಎಡಗೈಯಲ್ಲಿ ಹಿಡಿಯಬಾರದು. ಗಡಿಗೆಯೊಳಗೆ ಇಣುಕಬಾರದು. ಬಾಯಲ್ಲಿ ಕೊಳವೆ ಇಟ್ಟುಕೊಂಡು ಸೀನಬಾರದು. ಇವೆಲ್ಲ ತಪ್ಪಿದರೆ ಬೈಗುಳದಲ್ಲಿ ಮುಗಿಯುತ್ತದೆ. ಊದುವುದು ಮಾತ್ರ ಹಾಗಲ್ಲ. ಹೀರಿದವನು ನೆಂಟ, ಊದಿದವನು ಹಗೆ ಅನ್ನುತ್ತಾರೆ. ಗಡಿಗೆಗೆ ಊದಿದವನು ಸುತ್ತ ಕೂತವರೆಲ್ಲರ ಹೊಟ್ಟೆಗೆ ತನ್ನ ಎಂಜಲು ಕಳಿಸಿದ ಹಾಗೆ. ಮೊಲೆ ಬಿಡದ ಕೂಸಿಗೂ ಗೊತ್ತಿರುವ ಮಾತು ಇದು.

ಆ ಕೊಳವೆಗಳನ್ನು ಮಾಡುತ್ತಿದ್ದವನು ಎಕಿರಾಪನ ಚಿಕ್ಕಪ್ಪ ಇಕಾಪೆಲ. ಅಮುಕುರಾ ಗುಡ್ಡದ ಬಳ್ಳಿ ಕಡಿದು, ನೆರಳಿನಲ್ಲಿ ಒಣಗಿಸಿ, ಬಿಸಿ ತಂತಿ ತೂರಿಸಿ ಒಳಗಿನ ತಿರುಳು ತೆಗೆದು, ತುದಿಗೆ ಹೊಟ್ಟು ಒಳಗೆ ಬಾರದ ಹಾಗೆ ಬೆರಳಗಾತ್ರದ ಬುಟ್ಟಿ ಹೆಣೆಯುತ್ತಿದ್ದ. ಆ ಮನೆತನವೇ ಹಾಗೆ. ಇಕಾಪೆಲನ ಅಪ್ಪ ಮಾಡಿದ ಒಂದು ಕೊಳವೆ ಎಷ್ಟು ಉದ್ದ ಇತ್ತು ಅಂದರೆ, ಅವನು ಮಲಾಬಾ ಹೊಳೆಯ ಈಚೆ ಕೀನ್ಯಾದಲ್ಲಿ ಮರದ ನೆರಳಿಗೆ ಮಲಗಿ, ಹೊಳೆಯ ಆಚೆ ಉಗಾಂಡಾದಲ್ಲಿದ್ದ ಮಾವನ ಮನೆ ಗಡಿಗೆಯಿಂದ ಹೀರುತ್ತಿದ್ದ. ಗಡಿ ಕಾಯುವವರು ಬಂದು ಸುಂಕ ಕೇಳಿದರಂತೆ. ಮಾಲು ಇನ್ನೂ ಕೊಳವೆಯೊಳಗಿದೆ, ನನ್ನ ಬಾಯಿಗೆ ಬರುವುದು ನಾಳೆ ಬೆಳಿಗ್ಗೆ, ಆಗ ಬನ್ನಿ ಅಂದನಂತೆ ಮಹಾರಾಯ. ಮತ್ತೆ ಕತ್ತು ಓರೆ ಮಾಡಿದೆಯಲ್ಲ? ಆ ಸುಂಕದವನ ಮೊಮ್ಮಗ ಇನ್ನೂ ಬದುಕಿದ್ದಾನೆ, ಹೋಗಿ ಕೇಳು.

ಎಕಿರಾಪ ಈ ಕಸುಬು ಕಲಿಯಲಿಲ್ಲ. ಬಳ್ಳಿ ಕಡಿದರೆ ಅಂಗೈ ಬೊಬ್ಬೆ ಏಳುತ್ತದಂತೆ. ಮಲಾಬಾ ರಸ್ತೆ ಬದಿಯಲ್ಲಿ ಮೇಜು ಹಾಕಿ, ಗಡಿಯಾಚೆಯಿಂದ ಕದ್ದು ತಂದ ಪೆಟ್ರೋಲನ್ನು ಬಾಟಲಿಗೆ ತುಂಬಿ ಬೈಕಿನ ಹುಡುಗರಿಗೆ ಮಾರುತ್ತಿದ್ದ. ಡಬ್ಬಕ್ಕೆ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು ಬಾಯಿಂದ ಎಳೆಯುವುದು. ಕಸ ಸಿಕ್ಕಿದರೆ ಫೂ ಅಂತ ಊದಿ ಮತ್ತೆ ಎಳೆಯುವುದು. ದಿನಕ್ಕೆ ನೂರು ಸಲ. ಈ ಊದುವುದನ್ನು ನೆನಪಿಟ್ಟುಕೋ.

ಒಂದು ದಿನ ಅದೇ ಪ್ಲಾಸ್ಟಿಕ್ ಕೊಳವೆಯ ಸುರುಳಿಯನ್ನು ಆಳುದ್ದಕ್ಕೆ ತುಂಡು ಮಾಡಿ ಗಡಿಗೆಯ ಹತ್ತಿರ ತಂದ. ಕೆಂಪು, ಹಸಿರು, ನೀಲಿ. ಇಪ್ಪತ್ತು ಶಿಲಿಂಗಿಗೆ ಒಂದು. ಎಲ್ಲರೂ ಮುಗಿಬಿದ್ದರು, ಬಣ್ಣ ಕಂಡರೆ ನಮ್ಮವರಿಗೂ ಕಣ್ಣು ಕುಕ್ಕುತ್ತದೆ. ತನ್ನ ಅಪ್ಪ ನಲವತ್ತು ವರ್ಷ ಹೀರಿದ, ಹೊಗೆ ಹಿಡಿದು ಕಪ್ಪಾಗಿದ್ದ ಕೊಳವೆಯನ್ನು ಎಕಿರಾಪ ಎಲ್ಲರೆದುರಿಗೆ ಮುರಿದು ಒಲೆಗೆ ಹಾಕಿದ. ಚಿಕ್ಕಪ್ಪನ ಕಡೆ ತಿರುಗಿ, ಕಾಡುಬಳ್ಳಿ ಚೀಪುವ ಕಾಲ ಮುಗಿಯಿತು, ಇನ್ನು ಮಂಗಗಳಿಗೆ ಮಾರು ಅಂದ.

ಇಕಾಪೆಲ ಹೆಣೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ನನ್ನ ಕೊಳವೇಲಿ ನೀನು ಸತ್ತಮೇಲೆ ನಿನ್ನ ಮಗ ಕುಡೀಬೋದು ಕಣೋ. ನಿಂದು ನಿನ್ನ ಮಗ ಸತ್ತಮೇಲೂ ಚರಂಡೀಲಿ ಬಿದ್ದಿರುತ್ತೆ."

ಹಾಗೇ ಆಯಿತು. ಪ್ಲಾಸ್ಟಿಕ್ ಕೊಳವೆಯ ಒಳಗೆ ರಾಗಿಯ ಗಸಿ ಅಂಟಿ ಮಾರನೆಯ ದಿನಕ್ಕೆ ಸತ್ತ ಇಲಿಯ ವಾಸನೆ. ತೊಳೆದರೂ ಹೋಗದು. ಒಂದು ಸಲ ಹೀರುವುದು, ಬೇಲಿಯಾಚೆ ಎಸೆಯುವುದು, ಹೊಸದು ಕೊಳ್ಳುವುದು. ಎಕಿರಾಪನ ಹೊಟ್ಟೆ ಇನ್ನೊಂದು ಹೆಜ್ಜೆ ಮುಂದೆ ಬಂತು. ಮಳೆಗಾಲದಲ್ಲಿ ಮೋರಿ ಕಟ್ಟಿ ನೀರು ಶಾಲೆಯ ಒಳಗೆ ಹರಿಯಿತು. ಆಮೇಲೆ ಅಸೆಕೆನ್ಯಳ ಗಬ್ಬದ ಹಸು ಮೂರು ದಿನ ಮೇವು ಬಿಟ್ಟು, ಹೊಟ್ಟೆ ಉಬ್ಬಿ ಸತ್ತಿತು. ಕೊಯ್ದು ನೋಡಿದರೆ ಒಳಗೆ ಬಣ್ಣಬಣ್ಣದ ಕೊಳವೆಗಳು, ಕಗ್ಗಂಟಾಗಿ, ಹಕ್ಕಿಯ ಗೂಡಿನ ಹಾಗೆ. ಅವಳು ಅದನ್ನು ತೊಳೆದು ತಂದು ಎಕಿರಾಪನ ಪೆಟ್ರೋಲ್ ಮೇಜಿನ ಮೇಲಿಟ್ಟಳು. ಅವನು ಏನು ಹೇಳಿದ ಗೊತ್ತೇ? ಹಸುವಿಗೆ ಮೇಯುವುದು ಬರುವುದಿಲ್ಲ ಅಂದ.

ಅಷ್ಟರಲ್ಲಿ ಮೇಲಿನಿಂದ ಅಪ್ಪಣೆ ಬಂತು. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಕೊಳವೆ ಇನ್ನು ಯಾರೂ ಮಾರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ ಅಂತ ಸರ್ಕಾರದ ಕಡೆಯ ಮುಖಂಡ ಚೀಫ್, ಮಾವಿನ ಮರದ ಕೆಳಗೆ ನಿಂತು ಓದಿದ. ಊರಿಗೊಂದು ಕಾವಲು ಸಮಿತಿ ಬೇಕು, ಮುಂದಾಳಾಗಿ ಯಾರು ನಿಲ್ಲುತ್ತೀರಿ ಅಂತ ಕೇಳಿದ. ಎಲ್ಲರಿಗಿಂತ ಮೊದಲು ಎದ್ದ ಕೈ ಯಾರದು ಅಂತ ಇನ್ನು ಹೇಳಬೇಕೇ? ಹೊಟ್ಟು ತೂರುವುದಕ್ಕೆ ಗಾಳಿ ದಿಕ್ಕು ಬದಲಾಯಿಸಿತ್ತು, ಅಷ್ಟೇ.

ಮಾರನೆಯ ದಿನವೇ ಎದೆಗೆ ಹಸಿರು ಬಿಲ್ಲೆ ಚುಚ್ಚಿಕೊಂಡು ಮನೆಮನೆಗೆ ಹೊರಟ. ಅಟ್ಟ ಹತ್ತಿದ, ಚಾಪೆ ಎತ್ತಿದ, ಬಾಣಂತಿಯ ಕೋಣೆಯನ್ನೂ ಬಿಡಲಿಲ್ಲ. ಅಸೆಕೆನ್ಯಳ ಸೂರಿನಲ್ಲಿ ಸಿಕ್ಕಿಸಿದ್ದ ಒಂದು ನೀಲಿ ಕೊಳವೆಯನ್ನು ಎಳೆದು ದಂಡ ಅಂದ.

"ಇದನ್ನ ನೀನೇ ಮಾರಿದ್ದಲ್ಲೇನಪ್ಪ?" ಅಂದಳು ಅಸೆಕೆನ್ಯ.

"ಮಾರಿದ ಎಕಿರಾಪ ಬೇರೆ ಅವ್ವ. ಹಿಡಿಯೋಕೆ ಬಂದಿರೋನು ಸರ್ಕಾರದ ಎಕಿರಾಪ."

"ಹಂಗಾ. ಹಸು ಕೊಂದೋನು ಈ ಇಬ್ಬರಲ್ಲಿ ಯಾರು, ಕೇಳಿ ಹೇಳು." ಹಾಗೆಂದು ಅವಳು ಅವನ ಬಿಲ್ಲೆಯನ್ನು ಉಗುರಿನಿಂದ ತಟ್ಟಿ ನೋಡಿದಳು. ಟಕ್ ಅಂದಿತು. ಬಿಲ್ಲೆಯೂ ಪ್ಲಾಸ್ಟಿಕ್ಕಿನದೇ.

ಅದೇ ತಿಂಗಳು ಒಮುಸೆ ತೀರಿಕೊಂಡ. ತೊಂಬತ್ತಾರು ವರ್ಷ ಅನ್ನುತ್ತಾರೆ. ನೂರಾ ನಲವತ್ತಕ್ಕೆ ಕಡಿಮೆ ಇರಲಾರದು, ಯಾಕೆಂದರೆ ಮಲಾಬಾ ಹೊಳೆ ಇನ್ನೂ ಅಂಬೆಗಾಲಿಡುತ್ತಿದ್ದದ್ದನ್ನು ಅವನು ಕಂಡಿದ್ದ. ಮಣ್ಣು ಮಾಡಿದ ಮೇಲೆ ಮಣೆ ಬರಿದಾಯಿತು. ಎಕಿರಾಪ ಹಿರಿಯರ ಮನೆಗಳನ್ನು ಸುತ್ತಿದ. ತಾನೀಗ ಸಮಿತಿಯ ಮುಂದಾಳು, ಕಿಸುಮು ಪಟ್ಟಣದ ಹೋಟೆಲಿನಲ್ಲಿ ಸಭೆಗೆ ಕರೆಸಿಕೊಂಡವನು, ತಾನಲ್ಲದೆ ಆ ಮಣೆಗೆ ಯಾರು ಅಂತ ಕೇಳಿದ. ಹಿರಿಯರಿಗೆ ನಗು ಬಂತು, ಆದರೂ ಒಂದು ಮಾತು ಹೇಳಿದರು. ಮುಂದಿನ ಗಡಿಗೆಯ ದಿನ ಆ ಮಣೆಯಲ್ಲಿ ಕೂತು ಕುಡಿ, ಗಡಿಗೆ ಮುಗಿಯುವ ತನಕ ಕಟ್ಟುಪಾಡು ಮುರಿಯದೆ ಕೂತರೆ ಮಣೆ ನಿನ್ನದು.

ಕೂರುವುದೇನೋ ಸರಿ, ಹೀರುವುದು ಯಾವುದರಲ್ಲಿ? ಅಪ್ಪನ ಕೊಳವೆ ಬೂದಿಯಾಗಿತ್ತು. ಪ್ಲಾಸ್ಟಿಕ್ಕನ್ನು ತಾನೇ ಹಿಡಿದು ಸುಟ್ಟಿದ್ದ. ಚಿಕ್ಕಪ್ಪನ ಹತ್ತಿರ ಹೋಗಿ ಒಂದು ಬಳ್ಳಿಕೊಳವೆ ಕೇಳಿದ್ದರೆ ಮುಗಿದುಹೋಗುತ್ತಿತ್ತು, ಮುದುಕ ನಾಲ್ಕು ಮಾತು ಬೈದು ಕೊಡುತ್ತಿದ್ದ. ಆ ನಾಲ್ಕು ಮಾತು ಕೇಳಲು ಎಕಿರಾಪನ ಕಿವಿ ತಯಾರಿರಲಿಲ್ಲ. ಕಿಸುಮುವಿನ ಸಭೆಯಲ್ಲಿ ಪುಕ್ಕಟೆಯಾಗಿ ಕೊಟ್ಟ ಒಂದು ಪೆಟ್ಟಿಗೆ ಅವನ ಮಂಚದ ಕೆಳಗಿತ್ತು. ಅದರ ತುಂಬ ಕಾಗದದ ಹೀರುಗೊಳವೆ. ಒಂದೊಂದೂ ಗೇಣುದ್ದ. ಸೋಡಾ ಕುಡಿಯುವ ಪಟ್ಟಣದ ಹುಡುಗಿಯರಿಗೆ ಅಂತ ಮಾಡಿದ್ದು. ಗೇಣುದ್ದದ್ದರಲ್ಲಿ ಅಜೋನ್ ಕುಡಿಯಬೇಕಾದರೆ ತಲೆಯನ್ನು ಗಡಿಗೆಯೊಳಗೆ ಇಡಬೇಕು. ಎಕಿರಾಪ ಹನ್ನೊಂದನ್ನು ಒಂದರ ತುದಿಗೊಂದು ತೂರಿಸಿ, ಮರಗೆಣಸಿನ ಅಂಟು ಬಳಿದು, ಬಿಸಿಲಿಗೆ ಒಣಗಿಸಿ, ಆಳುದ್ದ ಮಾಡಿದ. ನೋಡಿದವರು ಹೇಳುತ್ತಾರೆ, ಮುಟ್ಟಿದರೆ ಮುರಿಯುವ ಹಾಗಿದ್ದ ಅದನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು, ಮದುಮಗನ ಕತ್ತಿಯ ಹಾಗೆ ಮೆರೆಸಿಕೊಂಡು ಬಂದನಂತೆ.

ಮಧ್ಯಾಹ್ನ. ಎಲ್ಲರೂ ಬಂದು ಕೂತಿದ್ದರು. ಪ್ಲಾಸ್ಟಿಕ್ ಹೋದ ಮೇಲೆ ಮಂದಿ ಮುಖ ಸಣ್ಣ ಮಾಡಿಕೊಂಡು ಇಕಾಪೆಲನ ಬಾಗಿಲಿಗೆ ಹೋಗಿದ್ದರು. ಎಲ್ಲರ ಕೈಯಲ್ಲೂ ಬಳ್ಳಿಕೊಳವೆ. ಎಕಿರಾಪ ಮಣೆಯ ಮೇಲೆ ಕೂತ. ಕೂತ ಅಂದರೆ ಏನು, ಊರಿಕೊಂಡ. ಅಸೆಕೆನ್ಯ ಕುದಿಯುವ ನೀರಿನ ಪಾತ್ರೆ ತಂದಳು. ಸಾಮಾನ್ಯವಾಗಿ ಸ್ವಲ್ಪ ಆರಿಸಿ ಸುರಿಯುವವಳು ಅವತ್ತು ಆರಿಸಲಿಲ್ಲ ಅನ್ನುತ್ತಾರೆ. ಸತ್ತ ಹಸುವಿನ ನೆನಪು ಇತ್ತೋ ಏನೋ.

ಎಕಿರಾಪ ಕೊಳವೆ ಇಳಿಬಿಟ್ಟು ಮೊದಲ ಗುಟುಕು ಎಳೆದ. ಬಂತು. ಬಾಯಿ ತುಂಬ ಬಿಸಿ ಅಜೋನ್, ಜೊತೆಗೆ ಬಾಯಿ ತುಂಬ ಹೊಟ್ಟು, ತುದಿಗೆ ಬುಟ್ಟಿ ಇರಲಿಲ್ಲವಲ್ಲ. ನುಂಗಿ ನಕ್ಕ. ಉಳಿದವರು ಹೀರಲು ಶುರುಮಾಡಿದರು. ಎರಡನೆಯ ಗುಟುಕಿಗೆ ಕಾಗದ ನಾಲಿಗೆಯ ಮೇಲೆ ಗಂಜಿಯಾಯಿತು. ಮೂರನೆಯದಕ್ಕೆ ಮರಗೆಣಸಿನ ಅಂಟು ಕರಗಿ, ಕೊಳವೆ ಬೆಂದ ಶಾವಿಗೆಯ ಹಾಗೆ ಜೋಲಿತು. ಎಳೆದ, ಬರಲಿಲ್ಲ. ಗಲ್ಲ ಎರಡೂ ಒಳಗೆ ಹೋಗಿ ಹಲ್ಲಿಗೆ ತಾಕಿದವು, ಕಣ್ಣು ಹೊರಗೆ ಬಂದವು. ಹನ್ನೊಂದು ಜನ ತಮ್ಮ ಕೊಳವೆ ಕಚ್ಚಿಕೊಂಡೇ ಅವನನ್ನು ನೋಡುತ್ತಿದ್ದರು. ಕೊಳವೆ ಕಟ್ಟಿಕೊಂಡಿದೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಕಾಪೆಲನ ಪಕ್ಕದಲ್ಲೇ ಒಂದು ಹೊಸ ಬಳ್ಳಿಕೊಳವೆ ಒರಗಿಸಿಟ್ಟಿತ್ತು, ಅದು ಯಾರಿಗೆ ಅಂತ ಎಕಿರಾಪನಿಗೂ ಗೊತ್ತಿತ್ತು. ಆದರೆ ಮಣೆಯ ಮೇಲೆ ಕೂತವನು ಕೈಚಾಚುವುದೇ? ಹೇಗಾದರೂ ಮಾಡಿ ಈ ಕಸವೊಂದು ಹೋದರೆ ಸಾಕು ಅಂದುಕೊಂಡ. ಅಂದುಕೊಳ್ಳುವುದರೊಳಗೆ ತುಟಿ ತಾನು ದಿನಕ್ಕೆ ನೂರು ಸಲ ಮಾಡುವ ಕೆಲಸವನ್ನು ಮಾಡಿಬಿಟ್ಟಿತು.

ಫೂ.

ಗಡಿಗೆ ಗುಳುಗುಳು ಅಂದಿತು. ಒಂದು ದೊಡ್ಡ ಗುಳ್ಳೆ ಎದ್ದು, ಸ್ವಲ್ಪ ಹೊತ್ತು ಎಲ್ಲರ ಮುಖ ನೋಡಿ, ಒಡೆಯಿತು.

ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಕೊಳವೆಗಳನ್ನು ಹೊರಗೆಳೆದರು. ಹನ್ನೊಂದು ತುದಿಗಳು ತೊಟತೊಟ ತೊಟ್ಟಿಕ್ಕಿದವು. ಅಸೆಕೆನ್ಯ ಗಡಿಗೆಯನ್ನು ಎತ್ತಿ ಬಾಳೆಯ ಬುಡಕ್ಕೆ ಸುರಿದಳು. ಎಕಿರಾಪ ಮಣೆಯ ಮೇಲೇ ಕೂತು, ಕಾಗದ ಸರಿಯಿಲ್ಲ, ಕಿಸುಮುವಿನವರು ಮೋಸ ಮಾಡಿದರು ಅಂತ ಗೊಣಗುತ್ತಿದ್ದ. ತುಟಿಯಿಂದ ಬಿಳಿ ಕಾಗದದ ಚೂರು ಇನ್ನೂ ನೇತಾಡುತ್ತಿತ್ತು.

"ಏಳು ಮಗ," ಅಂದ ಇಕಾಪೆಲ. "ಊದೋಕೆ ಬರೋದಾದ್ರೆ ಒಲೆ ಮುಂದೆ ಜಾಗ ಇದೆ."

ಎದ್ದ. ಏಳದೆ ಏನು ಮಾಡುತ್ತಾನೆ? ಹಿರಿಯರು ತೀರ್ಪು ಕೊಟ್ಟರು. ಚೆಲ್ಲಿದ ಗಡಿಗೆಗೆ ಬದಲು ಒಂದು ಗಡಿಗೆ ಅವನ ಮನೆಯ ರಾಗಿಯಿಂದ ಆಗಬೇಕು. ತನ್ನ ಕೊಳವೆಯನ್ನು ತಾನೇ ಮಾಡಿ ತರುವ ತನಕ ಸುತ್ತಿನಲ್ಲಿ ಅವನಿಗೆ ಜಾಗವಿಲ್ಲ. ಅಮುಕುರಾ ಗುಡ್ಡಕ್ಕೆ ಹೋಗಿ ಬಳ್ಳಿ ಕಡಿದ, ಅಂಗೈ ಬೊಬ್ಬೆ ಎದ್ದಿತು, ಹೇಳಿದ್ದ ಮಾತು ಅದೊಂದು ನಿಜವಾಯಿತು. ಚಿಕ್ಕಪ್ಪ ಜೊತೆಗೆ ಹೋಗಿದ್ದ, ಮರದ ಕೆಳಗೆ ಕೂತು ಹುರಿದ ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದ, ಒಂದು ಬೆರಳೂ ಆಡಿಸಲಿಲ್ಲ. ಎಕಿರಾಪ ಹೆಣೆದ ಬುಟ್ಟಿ ಎಂಥದ್ದು ಅಂದರೆ ಅದರೊಳಗೆ ರಾಗಿಹೊಟ್ಟು ಹಾಗಿರಲಿ, ಒಂದು ಕೋಳಿಮರಿ ಸಲೀಸಾಗಿ ನುಗ್ಗಬಹುದು. ನುಗ್ಗಿತ್ತು ಕೂಡ, ಒಂದು ಸಲ. ಅವನ ಬಾಯಿಂದ ಪಿಂಯ್ ಅಂತ ಸದ್ದು ಬಂದಾಗಲೇ ಜನಕ್ಕೆ ತಿಳಿದದ್ದು.

ಮಣೆ ಯಾರಿಗೆ ಹೋಯಿತು ಅಂತ ತಾನೇ ನಿನ್ನ ಪ್ರಶ್ನೆ? ಇಕಾಪೆಲನಿಗೆ. ಅವನು ಬೇಡ ಅಂದ, ಬೆನ್ನು ನೋಯುತ್ತದೆ ಅಂದ. ಕೊನೆಗೆ ಮಣೆಯನ್ನು ಗೋಡೆಗೆ ಒತ್ತಿ ಒರಗಿ ಕೂತ. ಎಕಿರಾಪ ಇವತ್ತಿಗೂ ಬಾಗಿಲ ಹತ್ತಿರ, ಕೋಳಿಗಳು ಓಡಾಡುವ ಜಾಗದಲ್ಲಿ, ಕೊನೆಯವನಾಗಿ ಕೂತು ಹೊಟ್ಟು ಉಗುಳುತ್ತ ಹೀರುತ್ತಾನೆ. ಬಿಲ್ಲೆ ಇನ್ನೂ ಎದೆಯ ಮೇಲಿದೆ. ಈಗ ಉಕ್ಕಿನ ಕೊಳವೆ ಬಂದಿದೆಯಂತೆ, ಅದನ್ನು ತರಿಸುತ್ತೇನೆ ಅನ್ನುತ್ತಾನೆ. ಕುದಿಯುವ ಗಡಿಗೆಗೆ ಉಕ್ಕು ಇಳಿಬಿಟ್ಟು ತುಟಿ ಇಟ್ಟರೆ ಏನಾಗುತ್ತದೆ ಅಂತ ಯಾರೂ ಅವನಿಗೆ ಹೇಳಿಲ್ಲ. ಯಾಕೆ ಹೇಳಬೇಕು? ನಾವೆಲ್ಲ ಅದಕ್ಕೇ ಕಾದಿದ್ದೇವೆ. ಹಿಂದೊಮ್ಮೆ ಇಕಾಪೆಲನ ಅಜ್ಜ ಸಿಡಿಲಿನಲ್ಲೇ ಒಂದು ಕೊಳವೆ ಮಾಡಿದ್ದನಂತೆ, ಅದು ಹೇಗಾಯಿತು ಅಂದರೆ...

"ಅಜ್ಜಾ, ಸಾಕು ಬಾ. ಮುದ್ದೆ ತಣ್ಣಗಾಗ್ತಿದೆ, ಸೊಪ್ಪಿನ ಸಾರು ಪೂರ್ತಿ ನಾಯಿಗೆ ಹಾಕ್ತೀನಿ ನೋಡು."

ಬಂದೆ ಕಣೇ, ಬಂದೆ. ನೀನೂ ಏಳಪ್ಪ, ಕೈ ತೊಳೆದುಕೋ.