ಲಾರಿಯಲ್ಲಿ ಸಾಮಾನು, ಕಾರಲ್ಲಿ ಮನೆ

೧೯೯೬ನೇ ಇಸವಿ. ನಾವು ಸಿಂಗಾಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಜುರಾಂಗ್ ವೆಸ್ಟ್‌ನಲ್ಲಿ ಬಾಡಿಗೆ ಫ್ಲಾಟು. ಜೂನ್ ತಿಂಗಳಲ್ಲಿ ನಮ್ಮ ಯಜಮಾನರಿಗೆ ಕಾಕಿ ಬುಕಿತ್‌ನ ಒಂದು ಫ್ಯಾಕ್ಟರಿಯಲ್ಲಿ ಹೊಸ ಕೆಲಸ ಸಿಕ್ಕಿತು. ಜುರಾಂಗ್ ಇರುವುದು ಪಶ್ಚಿಮದ ತುದಿಗೆ, ಕಾಕಿ ಬುಕಿತ್ ಪೂರ್ವದ ತುದಿಗೆ. ನಮ್ಮೂರ ಲೆಕ್ಕದಲ್ಲಿ ಅದೇನು ಮಹಾ ದೂರ ಅನ್ನಬಹುದು. ಆದರೆ ಆ ಪುಟ್ಟ ದೇಶದಲ್ಲಿ ಅದಕ್ಕಿಂತ ದೂರಕ್ಕೆ ಮನೆ ಬದಲಾಯಿಸಬೇಕೆಂದರೆ ಸಮುದ್ರಕ್ಕೇ ಇಳಿಯಬೇಕು.

ಇವರು ಮೊದಲ ವಾರದಲ್ಲೇ ಬೆಡೋಕ್‌ನಲ್ಲಿ ಒಂದು ಒಳ್ಳೆಯ ಮನೆ ನೋಡಿಕೊಂಡು ಬಂದರು. ನಾನು ಬೇಡ ಎಂದೆ. ಮನೆ ಬೇಡ ಅಂತಲ್ಲ, ಆಷಾಢ ಬೇಡ ಅಂತ. ನಾನು ಮೈಸೂರಿನವಳು. ಆಷಾಢದಲ್ಲಿ ಹೊಸ ಪೊರಕೆಯನ್ನೂ ತರದ ಮನೆಯಿಂದ ಬಂದವಳು. ಸಾಲದ್ದಕ್ಕೆ ಆ ವರ್ಷ ಅಧಿಕ ಆಷಾಢ ಬೇರೆ. ಒಂದಲ್ಲ, ಎರಡು ಆಷಾಢ. ಇವರು ಕ್ಯಾಲೆಂಡರ್ ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. ಆ ಮನೆ ಇನ್ಯಾರದೋ ಪಾಲಾಯಿತು. ಎರಡು ತಿಂಗಳು ಇವರು ನಮ್ಮ ಹಳೇ ನೀಲಿ ಕಾರಿನಲ್ಲಿ ಸಿಂಗಾಪುರದ ಈ ತುದಿಯಿಂದ ಆ ತುದಿಗೆ ದಿನಾ ಓಡಾಡಿದರು. ಕೊನೆಗೆ ಆಗಸ್ಟ್‌ನಲ್ಲಿ ಕಾರಿನ ಗೇರ್‌ಬಾಕ್ಸೇ ಹೋಯಿತು. "ನಿನ್ನ ಆಷಾಢ ನನ್ನ ಕಾರನ್ನ ತಿಂದು ಹಾಕ್ತು" ಅಂತ ಇವರು ಈಗಲೂ ಹೇಳುತ್ತಿರುತ್ತಾರೆ.

ಶ್ರಾವಣದ ಮೊದಲ ಭಾನುವಾರಕ್ಕೆ ನಿಕ್ಕಿ ಮಾಡಿದೆವು. ಅಷ್ಟರಲ್ಲಿ ಬೆಡೋಕ್‌ನಲ್ಲೇ ಇನ್ನೊಂದು ಮನೆಯೂ ಸಿಕ್ಕಿತ್ತು. ಇವರು ಪಕ್ಕಾ ಇಂಜಿನಿಯರ್. ಒಂದೊಂದು ಡಬ್ಬಕ್ಕೂ ನಂಬರು, ಯಾವ ಡಬ್ಬ ಯಾವ ರೂಮಿಗೆ ಅಂತ ಒಂದು ಪಟ್ಟಿ. ಲಾರಿ ಮನೆ ಸಾಮಾನು ಇಳಿಸಿದ ಮೇಲೆ, ಕೆಟ್ಟ ಕಾರನ್ನು ಹಾಗೇ ಎಳೆದುಕೊಂಡು ಹೋಗಿ ಕಾಕಿ ಬುಕಿತ್‌ನ ಒಂದು ಗ್ಯಾರೇಜಿಗೆ ಬಿಡಬೇಕು, ಇದು ಪ್ಲಾನು. ಫೋನ್ ಮಾಡಿದ ಮೊದಲನೇ ಲಾರಿಯವನೇ ಒಪ್ಪಿಕೊಂಡ. ಭಾನುವಾರ ಇಷ್ಟು ಸಲೀಸಾಗಿ ಲಾರಿ ಸಿಕ್ಕಿತಲ್ಲ, ನೋಡಿ ಶ್ರಾವಣದ ಮಹಿಮೆ ಅಂತ ನಾನು ಬೀಗಿದೆ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಸಾಮಾನೆಲ್ಲ ಕೆಳಗಿಳಿಸಿ ಬ್ಲಾಕಿನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಜೋಡಿಸಿಕೊಂಡು ನಿಂತಿದ್ದೆವು. ಲಾರಿ ಬಂತು. ಓಡಿಸುತ್ತಿದ್ದವರು ಅರವತ್ತು ದಾಟಿದ ಚೀನೀ ಅಂಕಲ್, ಜೊತೆಗೆ ಇಬ್ಬರು ಕೆಲಸದವರು. ಅಂಕಲ್ ಇಳಿದು ಬಂದು ಮಂಚ ನೋಡಿದರು, ಒಲೆ ನೋಡಿದರು, ದೇವರ ಫೋಟೋಗಳಿದ್ದ ಪೆಟ್ಟಿಗೆ ನೋಡಿದರು. ಅವರ ಮುಖ ಇಳಿದುಹೋಯಿತು.

"ಇದು ಮನೆ ಶಿಫ್ಟ್ ಮಾಡ್ತಿರೋದಾ? ಸೆವೆಂತ್ ಮಂತ್ ಲಾ. ನಾನು ಮಾಡಲ್ಲ."

ಇವರು ಫೋನಿನಲ್ಲಿ ಬರೀ ಸಾಮಾನು ಅಂದಿದ್ದರಂತೆ. ಕೊನೆಗೆ ಹೋಗಬೇಕಾದ್ದು ಫ್ಯಾಕ್ಟರಿಗಳೇ ತುಂಬಿದ ಕಾಕಿ ಬುಕಿತ್‌ಗೆ ಅಂದಮೇಲೆ ಯಾವುದೋ ಕಂಪನಿ ಮಾಲಿರಬೇಕು ಅಂತ ಅಂಕಲ್ ತಿಳಿದುಕೊಂಡಿದ್ದಾರೆ. ಅವರ ಪಂಚಾಂಗದ ಏಳನೇ ತಿಂಗಳು ಸತ್ತವರು ಭೂಮಿಗೆ ಬಂದು ಓಡಾಡುವ ತಿಂಗಳಂತೆ. ಮದುವೆ ಮಾಡುವ ಹಾಗಿಲ್ಲ, ಮನೆ ಬದಲಾಯಿಸುವ ಹಾಗಿಲ್ಲ. ಬದಲಾಯಿಸಿದರೆ ಆ ಸತ್ತವರೂ ಸಾಮಾನಿನ ಜೊತೆಗೇ ಹೊಸ ಮನೆಗೆ ಬಂದು ಸೇರುತ್ತಾರೆ. ಹಿಂದಿನ ವರ್ಷವೂ ಈ ದಿನಗಳಲ್ಲಿ ಹುಲ್ಲಿನ ಮೇಲೆ ಮೋಂಬತ್ತಿ, ಕಿತ್ತಳೆ ಹಣ್ಣು ಇಟ್ಟು ಕಾಗದ ಸುಡುವುದನ್ನು ನೋಡಿದ್ದೆ. ಯಾವುದೋ ಹಬ್ಬ ಇರಬೇಕು ಅಂದುಕೊಂಡಿದ್ದೆನೇ ಹೊರತು ಏನು ಎತ್ತ ಅಂತ ಯಾರನ್ನೂ ಕೇಳಿರಲಿಲ್ಲ. ಈ ತಿಂಗಳು ಯಾರೂ ಮನೆ ಬದಲಾಯಿಸದೆ ಲಾರಿಗಳೆಲ್ಲ ಖಾಲಿ ನಿಂತಿದ್ದವು, ಅದಕ್ಕೇ ಅಷ್ಟು ಸುಲಭವಾಗಿ ಸಿಕ್ಕಿತು ಅನ್ನುವುದು ಆಗ ತಲೆಗೆ ಹೋಯಿತು. ನನ್ನ ಶ್ರಾವಣವೂ ಅವರ ಏಳನೇ ತಿಂಗಳೂ ಒಂದೇ ಅಮಾವಾಸ್ಯೆಗೆ ಹುಟ್ಟಿದ್ದವು.

ಸಂಜೆ ಐದಕ್ಕೆ ಹಳೇ ಮನೆಯ ಬೀಗದ ಕೈ ಕೊಡಬೇಕು. ಹೊಸ ಬಾಡಿಗೆಯವರು ಏರ್‌ಪೋರ್ಟ್‌ನಿಂದ ನೇರ ಅಲ್ಲಿಗೇ ಬರುತ್ತಾರೆ. ಈ ಲಾರಿ ಹೋಯಿತೆಂದರೆ ಸಂಸಾರ ಸಮೇತ ನಾವು ಬೀದಿಗೆ. ಇವರು ಓಡಿಹೋಗಿ ಫೋನ್ ಬೂತಿನಿಂದ ನಾಲ್ಕು ಕಡೆ ವಿಚಾರಿಸಿದರು. ಮನೆ ಶಿಫ್ಟ್ ಅಂದ ಕೂಡಲೇ ಎಲ್ಲರೂ ಆಗಲ್ಲ ಅಂದರು. ವಾಪಸ್ಸು ಬಂದವರೇ ಅಂಕಲ್ ಜೊತೆ ವಾದಕ್ಕೆ ನಿಂತರು. ಇದೆಲ್ಲ ಮೂಢನಂಬಿಕೆ, ಈ ಕಾಲದಲ್ಲೂ ಇದನ್ನೆಲ್ಲ ನಂಬ್ತೀರಾ ಅಂತ. ಅಂಕಲ್ ಕೆಲಸದವರಿಗೆ ಲಾರಿ ಹತ್ತಿ ಅಂತ ಕೈ ಮಾಡಿದರು.

ನನಗೆ ನಾಚಿಕೆಯಾಯಿತು. ಎರಡು ತಿಂಗಳು ಹಠ ಹಿಡಿದು ಕೂತವಳು ನಾನು. ನನ್ನ ಹಠಕ್ಕೆ ತಲೆಬಾಗಿದ್ದ ಗಂಡ ಈಗ ಅಂಕಲ್ಲಿಗೆ ಬುದ್ಧಿ ಹೇಳುತ್ತಿದ್ದಾರೆ. ನಾನು ಮಧ್ಯೆ ಹೋಗಿ ಇವರನ್ನು ಸುಮ್ಮನಿರಿಸಿದೆ. "ಅಂಕಲ್, ನೀವು ಹೇಳೋದು ಸರಿ. ನಿಮಗೆ ಇಷ್ಟವಿಲ್ಲದೆ ಇದ್ರೆ ಮಾಡಬೇಡಿ" ಅಂದೆ. ಆಮೇಲೆ ನನಗೆ ಬಂದ ಹರುಕುಮುರುಕು ಇಂಗ್ಲಿಷಿನಲ್ಲಿ ಆಷಾಢದ ಕಥೆ ಹೇಳಿದೆ. ಮೊದಲು ಸಿಕ್ಕ ಮನೆ ಬಿಟ್ಟಿದ್ದು, ಗೇರ್‌ಬಾಕ್ಸ್ ಹೋಗಿದ್ದು, ಎಲ್ಲಾ. ಅಂಕಲ್ ಒಂದು ಕಾಲು ಲಾರಿಯ ಮೆಟ್ಟಿಲ ಮೇಲೆ ಇಟ್ಟವರು ಹಾಗೇ ನಿಂತು ಕೇಳಿದರು. ಈ ಸಲ ನಿಜವಾಗಿಯೂ ಎರಡು ತಿಂಗಳಾ ಅಂತ ಬೆರಳು ತೋರಿಸಿ ಕೇಳಿದರು. ಹ್ಞೂಂ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಇವರ ಭುಜ ತಟ್ಟಿ, ಪಾಪ ಅನ್ನುವ ಹಾಗೆ ತಲೆ ಆಡಿಸಿದರು.

ಒಂದು ಸಿಗರೇಟು ಹಚ್ಚಿಕೊಂಡು ನಮ್ಮ ಸಾಮಾನಿನ ಸುತ್ತ ಎರಡು ಸುತ್ತು ಹಾಕಿದರು. ಆಮೇಲೆ ದೇವರ ಪೆಟ್ಟಿಗೆ, ಒಲೆ, ಅಕ್ಕಿ ಡಬ್ಬ ಮೂರನ್ನೂ ತೋರಿಸಿ ನನಗೆ ಹೇಳಿದರು.

"ಇವು ಮೂರು ಮನೆ. ನನ್ನ ಲಾರಿಗೆ ಹತ್ತಲ್ಲ. ಮಿಕ್ಕಿದ್ದು ಬರೀ ಸಾಮಾನು, ಸಾಮಾನು ಯಾವ ತಿಂಗಳಾದ್ರೂ ಸಾಗಿಸಬಹುದು. ಮನೇನ ನಿಮ್ಮ ಕಾರಲ್ಲಿ ನೀವೇ ತಗೊಂಡು ಹೋಗಿ."

ಆ ಕಾರನ್ನು ಎಳೆಯುವುದೂ ನಿಮ್ಮ ಲಾರಿಯೇ ಅಲ್ಲವಾ ಅಂತ ಇವರು ಬಾಯಿ ತೆಗೆದರು. ನಾನು ಇವರ ತೋಳು ಚಿವುಟಿದೆ. ಅಂಕಲ್ ಕೇಳಿಸದವರ ಹಾಗೆ ಕಾರಿಗೆ ಕಬ್ಬಿಣದ ಸರಳು ಬಿಗಿಯತೊಡಗಿದರು.

ಹಾಗೆ ಹೊರಟಿತು ನಮ್ಮ ಮೆರವಣಿಗೆ. ಮುಂದೆ ಲಾರಿ, ಹಿಂದೆ ಉಸಿರಿಲ್ಲದ ಕಾರು. ಇವರು ಹಲ್ಲು ಕಚ್ಚಿಕೊಂಡು ಸ್ಟೇರಿಂಗ್ ಹಿಡಿದಿದ್ದರು. ಹಿಂದಿನ ಸೀಟಿನಲ್ಲಿ ನಾನು, ತೊಡೆ ಮೇಲೆ ದೇವರು, ಕಾಲ ಬಳಿ ಒಲೆ, ಪಕ್ಕದಲ್ಲಿ ಅಕ್ಕಿ ಡಬ್ಬ. ಅಂಕಲ್ ಎಕ್ಸ್‌ಪ್ರೆಸ್‌ವೇ ಬಿಟ್ಟು ಊರೊಳಗಿನ ರಸ್ತೆಗಳಲ್ಲೇ ಮೆಲ್ಲಗೆ ಕರೆದುಕೊಂಡು ಹೋದರು. ಸಿಗ್ನಲ್‌ನಲ್ಲಿ ಪಕ್ಕದ ಬಸ್ಸಿನವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ಇವರಿಗೆ ಸಿಟ್ಟು, ನನಗೆ ನಗು. ಬೆಡೋಕ್ ಮುಟ್ಟುವ ಹೊತ್ತಿಗೆ ಇವರಿಗೂ ನಗು ಬಂದಿತ್ತು.

ನಾವು ಮನೆಯ ಮೂರು ಸಾಮಾನು ಇಳಿಸುವಷ್ಟು ಹೊತ್ತೂ ಅಂಕಲ್ ನಮಗೆ ಬೆನ್ನು ತಿರುಗಿಸಿ ನಿಂತಿದ್ದರು. ಕೆಲಸದವರು ಮಂಚ ಬೀರು ಹೊತ್ತು ಮೇಲೆ ತಂದರು, ಅಂಕಲ್ ಮಾತ್ರ ಬರಲಿಲ್ಲ. ನಾನು ಒಲೆ ಹಚ್ಚಿ ಹಾಲು ಉಕ್ಕಿಸಿ ದೇವರಿಗೆ ಕೈ ಮುಗಿದೆ. ಅದೇ ಹಾಲಿಗೆ ಸಕ್ಕರೆ ಹಾಕಿ ಲೋಟದಲ್ಲಿ ಕೆಳಗೆ ತಗೊಂಡು ಹೋದೆ. ಕುಡಿಯುತ್ತಾರೋ ಇಲ್ಲವೋ ಅಂತ ಅಳುಕು ಇತ್ತು. ಅಂಕಲ್ ಲೋಟ ನೋಡಿದರು, ನನ್ನನ್ನು ನೋಡಿದರು, ಒಂದೇ ಗುಟುಕಿಗೆ ಕುಡಿದು ಲೋಟ ವಾಪಸ್ಸು ಕೊಟ್ಟರು. ಆಮೇಲೆ ಇವರನ್ನೂ ಕಾರನ್ನೂ ಎಳೆದುಕೊಂಡು ಗ್ಯಾರೇಜಿಗೆ ಹೊರಟರು. ಸಂಜೆ ಐದಕ್ಕೆ ಮುಂಚೆಯೇ ಇವರು ಹಳೇ ಮನೆಯ ಬೀಗದ ಕೈ ಕೊಟ್ಟು ಬಂದರು.

ಇಷ್ಟಕ್ಕೇ ಮುಗಿದಿದ್ದರೂ ನಾನು ಇದನ್ನು ಮರೆಯುತ್ತಿರಲಿಲ್ಲ. ಆದರೆ ಸುಮಾರು ಒಂದು ತಿಂಗಳ ಮೇಲೆ, ಗೌರಿ ಹಬ್ಬದ ಹಿಂದಿನ ದಿನ, ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅಂಕಲ್. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಎರಡು ಕಿತ್ತಳೆ ಹಣ್ಣು. ನಮ್ಮ ತಿಂಗಳು ಮುಗೀತು, ಈಗ ಒಳಗೆ ಬರಬಹುದಾ ಅಂತ ಕೇಳಿ ಚಪ್ಪಲಿ ಬಿಟ್ಟು ಬಂದರು. ಕೂರಲಿಲ್ಲ. ಒಂದೊಂದು ರೂಮಿನ ಬಾಗಿಲಲ್ಲೂ ನಿಂತು ಇಣುಕಿ ನೋಡಿದರು. ಎಲ್ಲರೂ ಚೆನ್ನಾಗಿದ್ದೀರಾ, ರಾತ್ರಿ ನಿದ್ದೆ ಬರುತ್ತಾ, ಯಾರಿಗೂ ಜ್ವರಗಿರ ಬರಲಿಲ್ಲ ತಾನೆ ಅಂತ ವಿಚಾರಿಸಿದರು. ನಾವು ಚೆನ್ನಾಗಿದ್ದೀವಿ ಅಂದಾಗ ಅವರು ನಿರಾಳವಾಗಿದ್ದು ಕಣ್ಣಿಗೆ ಕಾಣುತ್ತಿತ್ತು.

"ದಿನಾ ಸಂಜೆ ನಿಮಗೂ ಒಂದು ಊದುಬತ್ತಿ ಹಚ್ಚಿದೆ" ಅಂದರು. "ಹೆಸರು ಗೊತ್ತಿರಲಿಲ್ಲ. ಬ್ಲಾಕ್ ನಂಬರ್ ಹೇಳಿ, ಇವರಿಗೇನೂ ಮಾಡಬೇಡಿ ಅಂತ ಕೇಳಿಕೊಂಡೆ."

ನನ್ನ ಕಣ್ಣು ತುಂಬಿ ಬಂತು. ನಮಗಾಗಿ ಅವರು ತಮ್ಮ ನಿಯಮವನ್ನು ಅಷ್ಟು ಬಗ್ಗಿಸಿದ್ದರು, ಆ ಭಯವನ್ನು ಒಂದು ತಿಂಗಳು ಒಬ್ಬರೇ ಹೊತ್ತಿದ್ದರು. ನಾವು ಇಲ್ಲಿ ಹೋಳಿಗೆ ತಿಂದುಕೊಂಡು ಹಾಯಾಗಿದ್ದೆವು. ನಾನು ಅವರ ಹೆಸರು ಕೇಳಿದ್ದೇ ಆವತ್ತು.